ನಿಲ್ದಾಣದಲ್ಲಿ ಕಾಯುವ ಹೊತ್ತಿಗೆ ಹೊಣೆ ಯಾರು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಂಗಳೂರಿನ ಬಸ್ಸು, ಮೆಟ್ರೊ ಬಗ್ಗೆಯೇ ಇದ್ದವು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ. ಈ ಸಲ ಇದೊಂದನ್ನೇ ಮಾತಾಡೋಣ.

ಪ್ರಶ್ನೆ: ಹೊರವರ್ತುಲ ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ ನಮ್ಮ ಬಡಾವಣೆ ಇದೆ. ಮನೆ ಕಟ್ಟಿಕೊಂಡು ಬಂದು ಆರು ವರ್ಷ ಆಯಿತು. ಬೆಳಿಗ್ಗೆ ಎರಡು, ಸಂಜೆ ಎರಡು ಬಸ್ ಅಂತ ಲೆಕ್ಕ, ಬಂದರೆ ಬಂತು ಇಲ್ಲಾಂದ್ರೆ ಇಲ್ಲ. ಬಸ್ಸಿನವರನ್ನು ಕೇಳಿದರೆ ರಸ್ತೆ ಸರಿ ಇಲ್ಲ, ತಿರುಗಿಸಲು ಜಾಗ ಇಲ್ಲ ಅನ್ನುತ್ತಾರೆ. ರಸ್ತೆಯವರನ್ನು ಕೇಳಿದರೆ ಪೈಪಿನವರು ಅಗೆದಿದ್ದಾರೆ, ಅವರು ಮುಗಿಸಲಿ ಅನ್ನುತ್ತಾರೆ. ಮಗಳು ಕಾಲೇಜಿಗೆ ಹೋಗಬೇಕು, ದಿನಾ ಆಟೊಗೆ ಕೊಡಲು ನಮ್ಮಿಂದ ಆಗಲ್ಲ. ನಾವು ಕೇಳಬೇಕಾದ್ದು ಯಾರನ್ನು?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ರಾಜ್ಯ ಸರ್ಕಾರವನ್ನು ಕೇಳಬೇಕು. ನಿಮ್ಮನ್ನು ಅಲೆಸಿದವರೆಲ್ಲ ಬೇರೆ ಬೇರೆ ಕಚೇರಿಯವರಂತೆ ಕಾಣುತ್ತಾರೆ, ಆದರೆ ಆ ಬಾಗಿಲುಗಳೆಲ್ಲ ಒಂದೇ ಮನೆಯವು.

ನೋಡಿ, ಊರಿನ ಬಸ್ ಓಡಿಸುವ ಬಿಎಂಟಿಸಿ ರಾಜ್ಯ ಸರ್ಕಾರದ ನಿಗಮ. 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆ ಮಾಡಿದ್ದು. ಅದಕ್ಕೆ ಮುಂಚೆ ಬಿಟಿಎಸ್ ಇತ್ತು, ನಮ್ಮ ಮನೆಯ ಹಿರಿಯರು ಈಗಲೂ ಬಿಟಿಎಸ್ ಬಸ್ ಅಂತಲೇ ಅನ್ನುತ್ತಾರೆ. ನೀರಿನ ಪೈಪು ಜಲಮಂಡಳಿಯದು, ಅದೂ ರಾಜ್ಯದ್ದೇ. ಸಂಚಾರ ಪೊಲೀಸರು ಗೃಹ ಇಲಾಖೆಗೆ ಬರುತ್ತಾರೆ. ರಸ್ತೆ ಮಾತ್ರ ಪಾಲಿಕೆಯದು. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ಪಾಲಿಕೆಗಳಿವೆ, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇದೆ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು.

ಇನ್ನೊಂದು ವಿಷಯ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಬಸ್ಸು, ಮೆಟ್ರೊ, ಪಾರ್ಕಿಂಗು, ನಡೆಯುವ ದಾರಿ ಎಲ್ಲವನ್ನೂ ಒಂದೇ ಕಡೆ ಕೂತು ಯೋಚಿಸಬೇಕು ಅಂತಲೇ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರಕ್ಕೆ ಕಾಯ್ದೆ ಮಾಡಿದರು, 2022ರ ಡಿಸೆಂಬರ್‌ನಲ್ಲಿ. ಅದರ ಅಧ್ಯಕ್ಷರೂ ಮುಖ್ಯಮಂತ್ರಿಗಳೇ. ಅಂದರೆ ಕಾನೂನು ಇದೆ, ಕುರ್ಚಿ ಇದೆ, ಕುರ್ಚಿಯಲ್ಲಿ ಯಾರು ಅಂತಲೂ ಬರೆದಿದೆ. ಹಾಗಿದ್ದ ಮೇಲೆ ಬಸ್ಸಿನವರು ರಸ್ತೆಯವರ ಕಡೆ, ರಸ್ತೆಯವರು ಪೈಪಿನವರ ಕಡೆ ಕೈ ತೋರಿಸುವುದನ್ನು ನಾವು ಒಪ್ಪಬಾರದು.

ಇಷ್ಟಕ್ಕೂ ಊರೊಳಗೆ ಬಸ್ ಓಡಿಸುವ ಹಕ್ಕನ್ನು ಸರ್ಕಾರ ತನ್ನ ನಿಗಮದ ಕೈಯಲ್ಲೇ ಇಟ್ಟುಕೊಂಡಿದೆ. ನಿಮ್ಮ ಬಡಾವಣೆಯವರೆಲ್ಲ ಸೇರಿ ಒಂದು ಮಿನಿ ಬಸ್ ಕೊಂಡು ನಿಲ್ದಾಣ ನಿಲ್ದಾಣಕ್ಕೂ ಜನ ಹತ್ತಿಸಿ ಟಿಕೆಟ್ ಹರಿಯುತ್ತೇವೆ ಅಂದರೆ ಬಿಡುವುದಿಲ್ಲ. ಹಾಗೆ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಹಕ್ಕು ಪೂರ್ತಿ ತನಗೇ ಇರಲಿ ಅಂದವರಿಗೆ ಹೊಣೆಯೂ ಪೂರ್ತಿ ಇರಬೇಕು ಅಲ್ವಾ?

ಈಗ ನೀವು ಮಾಡಬಹುದಾದ್ದು. ಎರಡು ವಾರ ನಿಮ್ಮ ನಿಲ್ದಾಣದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಬಸ್ ಎಷ್ಟು ಗಂಟೆಗೆ ಬಂತು, ಯಾವುದು ಬರಲೇ ಇಲ್ಲ, ಬರೆಯಿರಿ. ಕಂಡಕ್ಟರ್‌ಗಳ ಮಾತಲ್ಲಿ ಇದಕ್ಕೆ ‘ಟ್ರಿಪ್ ಕಟ್’ ಅಂತಾರೆ, ಕಾಗದದಲ್ಲಿ ಇರುವ ಟ್ರಿಪ್ಪು ರಸ್ತೆಗೆ ಬರುವುದಿಲ್ಲ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: ಈ ಮಾರ್ಗಕ್ಕೆ ದಿನಕ್ಕೆ ಎಷ್ಟು ಟ್ರಿಪ್ ನಿಗದಿ, ಹೋದ ತಿಂಗಳು ಓಡಿದ್ದು ಎಷ್ಟು? 30 ದಿನದಲ್ಲಿ ಉತ್ತರ ಕೊಡಬೇಕು. ಅವರ ಲೆಕ್ಕ, ನಿಮ್ಮ ಲೆಕ್ಕ ಎರಡನ್ನೂ ಪಕ್ಕಪಕ್ಕ ಇಟ್ಟು ಶಾಸಕರ ಮುಂದೆ ಹೋಗಿ, ಹತ್ತು ಮನೆಯವರಾದರೂ ಜೊತೆಗಿರಲಿ. ಸುಮ್ನೆ ‘ಬಸ್ ಬರಲ್ಲ’ ಅಂದರೆ ‘ನೋಡ್ತೀವಿ’ ಅನ್ನುವ ಉತ್ತರವೇ ಬರುತ್ತದೆ.

ಪ್ರಶ್ನೆ: ಮೆಟ್ರೊ ಎಲ್ಲ ಕಡೆ ಬರುತ್ತಿದೆ. ಇನ್ನು ಬಸ್ಸಿಗೆ ದುಡ್ಡು ಹಾಕುವ ಬದಲು ಮೆಟ್ರೊವನ್ನೇ ಬೇಗ ಮುಗಿಸಬಾರದಾ?
– ಒಬ್ಬ ಓದುಗರು, ವಿಜಯನಗರ

ಉತ್ತರ: ಬೇಗ ಮುಗಿಸಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಲದ ಲೆಕ್ಕ ನೋಡಿ. ಮೊದಲ ರೈಲು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದ್ದು 2011ರ ಅಕ್ಟೋಬರ್‌ನಲ್ಲಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗ ಶುರುವಾದಾಗ ಒಟ್ಟು 96 ಕಿಲೋಮೀಟರ್ ಆಯಿತು. ಆ ಹಳದಿ ಮಾರ್ಗ ಕೂಡ ಶುರುವಾಗಿದ್ದು ಬರೀ ಮೂರು ರೈಲಿನಲ್ಲಿ, 25 ನಿಮಿಷಕ್ಕೊಂದು. ಹಳಿ, ನಿಲ್ದಾಣ ಎಲ್ಲ ಸಿದ್ಧವಾಗಿದ್ದರೂ ರೈಲು ಬಂದಿರಲಿಲ್ಲ. ಉಪನಗರ ರೈಲಿನ ಕಥೆ ಇನ್ನೂ ನೋವಿನದು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೂವಿನ ಹೆಸರಿಟ್ಟ ನಾಲ್ಕು ಮಾರ್ಗ, 148 ಕಿಲೋಮೀಟರ್. ‘ಚುಕುಬುಕು ಬೇಕು’ ಅಂತ ಜನ ರೈಲ್ವೆ ನಿಲ್ದಾಣಗಳಲ್ಲಿ ನಿಂತು ಕೇಳಿದ ಯೋಜನೆ. 2022ರ ಜೂನ್‌ನಲ್ಲಿ ಅಡಿಗಲ್ಲು ಹಾಕಿ 40 ತಿಂಗಳಲ್ಲಿ ಮುಗಿಸುತ್ತೇವೆ ಅಂದರು. 2025ರ ಅಕ್ಟೋಬರ್‌ಗೆ ಆ 40 ತಿಂಗಳು ಮುಗಿಯಿತು, ಒಂದು ಮಾರ್ಗದಲ್ಲೂ ರೈಲು ಓಡಿರಲಿಲ್ಲ.

ಬಸ್ಸಿಗೆ ಹಳಿ ಬೇಡ, ಸುರಂಗ ಬೇಡ. ಸರ್ಕಾರ ಮನಸ್ಸು ಮಾಡಿದರೆ ಒಂದು ವರ್ಷದೊಳಗೆ ಊರಿನ ಒಂದು ಭಾಗದ ಕಷ್ಟ ಕಡಿಮೆ ಮಾಡಬಹುದು. ಈಗಲೂ ಮೆಟ್ರೊಗಿಂತ ಎಷ್ಟೋ ಪಟ್ಟು ಜಾಸ್ತಿ ಜನ ದಿನಾ ಬಸ್ಸಿನಲ್ಲೇ ಓಡಾಡುತ್ತಾರೆ.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಒಂದು ರಾತ್ರಿ ಎಂಟೂವರೆ ಇರಬೇಕು, ಸಣ್ಣ ಮಳೆ. ನನ್ನ ಜೊತೆ ಮೆಟ್ರೊ ಇಳಿದ ಒಬ್ಬ ಹೆಂಗಸು ಮೆಟ್ಟಿಲ ಕೆಳಗೆ ನಿಂತು ಚಪ್ಪಲಿ ಬಿಚ್ಚಿ ಊಟದ ಡಬ್ಬಿಯ ಚೀಲದ ಪಕ್ಕ ಸಿಕ್ಕಿಸಿಕೊಂಡರು. ಮುಂದೆ ಫುಟ್‌ಪಾತಿನ ಚಪ್ಪಡಿ ಎದ್ದಿತ್ತು, ಕೆಸರು ನೀರು ನಿಂತಿತ್ತು. ಚಪ್ಪಲಿ ಕಿತ್ತು ಹೋದರೆ ನಾಳೆಗೆ ಬೇರೆ ಇಲ್ಲ ಅಂದರು. ಆಟೊದವರು ಒಂದೂವರೆ ಕಿಲೋಮೀಟರಿಗೆ 100 ರೂಪಾಯಿ ಕೇಳಿದರು. ಮೆಟ್ರೊ ನಿಲ್ದಾಣದಿಂದ ಬಡಾವಣೆಗೆ ಹೋಗುವ ಫೀಡರ್ ಬಸ್ ಆ ಹೊತ್ತಿಗೆ ಇರಲಿಲ್ಲ. ರೈಲಿನಲ್ಲಿ 22 ನಿಮಿಷಕ್ಕೆ ಊರಿನ ಆ ತುದಿಯಿಂದ ಬಂದವರು, ಮನೆ ಸೇರಲು ಅರ್ಧ ಗಂಟೆ ಬರಿಗಾಲಲ್ಲಿ ನಡೆದರು. ಸಾವಿರಾರು ಕೋಟಿ ಹಾಕಿ ನಿಲ್ದಾಣದ ತನಕ ತಂದು ಬಿಟ್ಟು, ಅಲ್ಲಿಂದ ಮುಂದಕ್ಕೆ ಒಂದು ಚಿಕ್ಕ ಬಸ್ಸು, ನಾಲ್ಕು ಚಪ್ಪಡಿ ಇಲ್ಲ ಅಂದರೆ ಹೇಗೆ?

ಪ್ರಶ್ನೆ: ನಿಗಮ ನಷ್ಟದಲ್ಲಿದೆ, ಮೇಲೆ ಹೆಂಗಸರಿಗೆ ಉಚಿತ. ನಾವು ತೆರಿಗೆ ಕಟ್ಟಿ ಈ ನಷ್ಟ ಯಾಕೆ ತುಂಬಬೇಕು?
– ಒಬ್ಬ ವ್ಯಾಪಾರಿ, ಚಿಕ್ಕಪೇಟೆ

ಉತ್ತರ: ನಿಮ್ಮ ಅಂಗಡಿಯ ಮುಂದಿನ ರಸ್ತೆಯನ್ನು ಯಾರಾದರೂ ಲಾಭ ಎಷ್ಟು ಅಂತ ಕೇಳಿದ್ದಾರಾ? ಬೀದಿ ದೀಪವನ್ನು ಕೇಳಿದ್ದಾರಾ? ಬಸ್ಸೂ ಹಾಗೇ. ನಿಮ್ಮಲ್ಲಿಗೆ ಬರುವ ಗಿರಾಕಿ, ನಿಮ್ಮ ಅಂಗಡಿಯ ಹುಡುಗ, ಇಬ್ಬರೂ ಬರುವುದು ಅದರಲ್ಲೇ.

ಶಕ್ತಿ ಯೋಜನೆ ಬಂದದ್ದು 2023ರ ಜೂನ್ 11ರಂದು. ಆಮೇಲೆ ಎಷ್ಟೋ ಹೆಂಗಸರು ದೂರದ ಕೆಲಸ ಹಿಡಿದರು, ತಿಂಗಳ ಬಸ್ ಚಾರ್ಜು ಉಳಿಸಿ ಮಕ್ಕಳ ಟ್ಯೂಷನ್ನಿಗೆ ಕೊಟ್ಟರು, ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆದರೆ ಉಚಿತ ಅಂತ ಘೋಷಿಸಿದ ಸರ್ಕಾರ ಪ್ರತಿ ಶೂನ್ಯ ಟಿಕೆಟ್ಟಿನ ದುಡ್ಡನ್ನೂ ನಿಗಮಕ್ಕೆ ಹೊತ್ತಿಗೆ ಸರಿಯಾಗಿ ಕೊಡಬೇಕು, ಜೊತೆಗೆ ಬಸ್ಸೂ ಜಾಸ್ತಿ ಮಾಡಬೇಕು. ಜನ ಜಾಸ್ತಿಯಾಗಿ ಬಸ್ ಅಷ್ಟೇ ಇದ್ದರೆ ನೂಕುನುಗ್ಗಲು, ಜಗಳ, ಕಂಡಕ್ಟರ್ ಮೇಲೆ ಸಿಟ್ಟು. 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತು, ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಹೀಗೆ ಏರುತ್ತಾ ಹೋದರೆ ಗಂಡಸರು ಸಾಲ ಮಾಡಿ ಬೈಕ್ ತಗೊಳ್ಳುತ್ತಾರೆ. ಈಗಾಗಲೇ ಊರಲ್ಲಿ 1 ಕೋಟಿಗೂ ಜಾಸ್ತಿ ವಾಹನ ಇವೆ.

ದುಡ್ಡಿಲ್ಲ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಗೆ 17 ಸಾವಿರ ಕೋಟಿಗೂ ಮೇಲೆ ಅಂದಾಜು ಮಾಡಿದ್ದಾರೆ. ಒಂದು ಬಸ್ಸಿಗೆ ಒಂದೂವರೆ ಕೋಟಿ ಅಂತ ದೊಡ್ಡದಾಗಿ ಹಿಡಿದರೂ ಆ ದುಡ್ಡಿಗೆ 11 ಸಾವಿರ ಬಸ್ ಬರುತ್ತವೆ. ಅಷ್ಟು ಬಸ್ಸಿಗೆ ಡಿಪೋ, ಡ್ರೈವರ್, ಸಂಬಳ ಎಲ್ಲ ಬೇಕು ಅನ್ನುವುದು ನನಗೂ ಗೊತ್ತು. ಅರ್ಧ ದುಡ್ಡು ಅದಕ್ಕೇ ಇಡಿ. ಉಳಿದ ಅರ್ಧದಲ್ಲಿ ಬರುವ ಬಸ್ಸೇ ಈ ಊರಿನ ಮುಖ ಬದಲಿಸುತ್ತದೆ.

ಪ್ರಶ್ನೆ: ಬಸ್ಸಿಗೇ ಬೇರೆ ದಾರಿ ಅಂತ ಒಮ್ಮೆ ಮಾಡಿದ್ದರಲ್ಲ, ಏನಾಯಿತು?
– ಐಟಿ ಉದ್ಯೋಗಿ, ಮಾರತ್ತಹಳ್ಳಿ

ಉತ್ತರ: 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಟಿನ್ ಫ್ಯಾಕ್ಟರಿ ತನಕ ಮಾಡಿದ್ದರು. ಬಸ್ಸು ಬೇಗ ಹೋಗುತ್ತಿತ್ತು, ಕಾರಿನಲ್ಲಿ ಕೂತವರು ಪಕ್ಕದಲ್ಲಿ ಬಸ್ ದಾಟಿ ಹೋಗುವುದನ್ನು ನೋಡುತ್ತಿದ್ದರು. ಆಮೇಲೆ ಕೊರೊನಾ ಬಂತು, ಅದೇ ರಸ್ತೆಯಲ್ಲಿ ಮೆಟ್ರೊ ಕೆಲಸ ಶುರುವಾಯಿತು, ದಾರಿ ಅಳಿಸಿಹೋಯಿತು. ಮೆಟ್ರೊ ಕೆಲಸ ಮುಗಿದು ರಸ್ತೆ ಬಿಟ್ಟುಕೊಟ್ಟ ದಿನವೇ ಆ ದಾರಿ ವಾಪಸ್ ಬರಬೇಕು. ಅದನ್ನು ಈಗಲೇ ಬರೆಸಿಕೊಳ್ಳದಿದ್ದರೆ ಆ ಜಾಗವೂ ಕಾರಿಗೇ ಹೋಗುತ್ತದೆ.

ಪ್ರಶ್ನೆ: ನನಗೆ 71 ವರ್ಷ. ನಮ್ಮ ನಿಲ್ದಾಣದಲ್ಲಿ ಕೂರಲು ಕಲ್ಲೂ ಇಲ್ಲ. ಇಷ್ಟು ಸಣ್ಣದನ್ನು ಸರ್ಕಾರಕ್ಕೆ ಬರೆಯಬಹುದಾ?
– ಹಿರಿಯ ಓದುಗರು, ಬೆಂಗಳೂರು ಉತ್ತರ

ಉತ್ತರ: ಖಂಡಿತ ಬರೆಯಿರಿ. ಇದು ಸಣ್ಣದಲ್ಲ. ಒಂದು ಬೆಂಚು, ನೆರಳು, ರಾತ್ರಿ ಒಂದು ದೀಪ, ಯಾವ ನಂಬರಿನ ಬಸ್ ಎಲ್ಲಿಗೆ ಹೋಗುತ್ತದೆ ಅಂತ ಕನ್ನಡದಲ್ಲಿ ದೊಡ್ಡಕ್ಷರದ ಒಂದು ಬೋರ್ಡು, ಇಷ್ಟಕ್ಕೆ ಯಾವ ದೊಡ್ಡ ಯೋಜನೆಯೂ ಬೇಡ. ನಿಮ್ಮ ಪಾಲಿಕೆಯ ಆಯುಕ್ತರಿಗೆ ಒಂದು, ಬಿಎಂಟಿಸಿ ಕೇಂದ್ರ ಕಚೇರಿಗೆ ಒಂದು, ಎರಡು ಪ್ರತಿ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ನಿಲ್ದಾಣದ ಫೋಟೊ ಒಂದನ್ನು ಮೊಮ್ಮಕ್ಕಳ ಕೈಲಿ ತೆಗೆಸಿ ನಮಗೂ ಕಳಿಸಿ, ಬೆಂಚು ಬರುವ ತನಕ ಪ್ರತಿ ತಿಂಗಳೂ ಅದನ್ನು ಇಲ್ಲಿ ಹಾಕುತ್ತೇವೆ.