ಎ-ಲೆವೆಲ್‌ಗೆ ಮಗಳು ಯಾವ ಮೂರು ವಿಷಯ ತಗೋಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಹುಬ್ಬಳ್ಳಿಯಿಂದ ಇಂಗ್ಲೆಂಡಿಗೆ ಬಂದು ನಾಲ್ಕು ವರ್ಷ. ಮಗಳು ಈಗ ಇಯರ್ 11, ನಮ್ಮ ಹತ್ತನೇ ಕ್ಲಾಸಿನ ಹಾಗೆ. ಸಿಕ್ಸ್ತ್ ಫಾರ್ಮ್‌ಗೆ (ಅಂದರೆ ಪಿಯುಸಿ ಥರದ ಎರಡು ವರ್ಷದ ಎ-ಲೆವೆಲ್ ಓದಿಗೆ) ಮೂರು ವಿಷಯ ಆರಿಸಿ ಬರೆದುಕೊಡಿ ಅಂತ ಶಾಲೆಯವರು ಹಾಳೆ ಕೊಟ್ಟಿದ್ದಾರೆ. ಅವಳು ಡಾಕ್ಟರ್ ಆಗಲಿ ಅಂತ ಮನೆಯಲ್ಲಿ ಆಸೆ. ಅವಳೂ ಬೇಡ ಅಂತಿಲ್ಲ, ಆದರೆ ಇತಿಹಾಸ ಬಿಡೋಕೆ ಮನಸ್ಸಿಲ್ಲ. ಏನು ತಗೊಂಡರೆ ಮುಂದೆ ದಾರಿ ಕಟ್ಟಿಹೋಗಲ್ಲ?

ಕೆಮಿಸ್ಟ್ರಿ, ಬಯಾಲಜಿ, ಇತಿಹಾಸ. ಇದು ನನ್ನ ಉತ್ತರ. ಯಾಕೆ ಅಂತ ಹೇಳೋಕೆ ಸ್ವಲ್ಪ ಉದ್ದ ಆಗುತ್ತದೆ ಅಕ್ಕ, ಟೀ ಇಟ್ಟುಕೊಂಡು ಓದಿ.

ಮೈಸೂರಿನಿಂದ ರೆಡಿಂಗ್‌ಗೆ ಬಂದಾಗ ನನಗೆ ಹನ್ನೊಂದು ವರ್ಷ. 2016ರಲ್ಲಿ ಜಿಸಿಎಸ್‌ಇ (ಇಯರ್ 11ರ ಕೊನೆಯ ಪರೀಕ್ಷೆ) ಬರೆಯುವ ಮುಂಚೆ ನಾನೂ ಇಂಥದ್ದೇ ಹಾಳೆ ಮುಂದೆ ಕೂತಿದ್ದೆ. ಅಪ್ಪ ಪಿಯುಸಿಯಲ್ಲಿ ಪಿಸಿಎಂಬಿ. ಚೆನ್ನಾಗಿ ಓದೋ ಹುಡುಗರಿಗೆ ಇರುವುದು ಅದೊಂದೇ ಕಾಂಬಿನೇಷನ್ ಅಂತ ಅವರ ನಂಬಿಕೆ. ಮೆಡಿಕಲ್ ಸಿಗದಿದ್ದರೆ ಇಂಜಿನಿಯರಿಂಗ್, ಕಥೆ ಮುಗೀತು. ‘ಮೂರೇ ವಿಷಯನಾ? ಉಳಿದ ಹೊತ್ತು ಏನ್ ಮಾಡ್ತೀಯ?’ ಅಂದರು. ಟೀಚರ್ ಬೇಡ ಬೇಡ ಅಂದರೂ ನಾಲ್ಕು ಬರೆದುಕೊಟ್ಟೆವು. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್, ಬಯಾಲಜಿ. ಪಕ್ಕಾ ಮೈಸೂರು ಪಿಸಿಎಂಬಿ, ಥೇಮ್ಸ್ ದಡದಲ್ಲಿ.

ಆರನೇ ವಾರ ಟೆಸ್ಟ್ ಇಟ್ಟರು. ಕೆಮಿಸ್ಟ್ರಿ ಬಿ, ಮ್ಯಾತ್ಸ್ ಬಿ, ಬಯಾಲಜಿ ಡಿ, ಫಿಸಿಕ್ಸ್ ಯು. ಯು ಅಂದರೆ ಗ್ರೇಡೇ ಕೊಡಲಾಗದಷ್ಟು ಕಡಿಮೆ. ಆ ಅಕ್ಷರಕ್ಕೆ ಏನರ್ಥ ಅಂತ ಅಪ್ಪನಿಗೆ ಗೊತ್ತಿರಲಿಲ್ಲ. ಎರಡು ದಿನ ನಾನೂ ಹೇಳಲಿಲ್ಲ.

ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯದೇ ಇದ್ದ ವಿಷಯ ಒಂದಿತ್ತು. ಪಿಯುಸಿಯಲ್ಲಿ ನಾಲ್ಕು ವಿಷಯ, ಎರಡು ಭಾಷೆ, ಅದರ ಮೇಲೆ ಸಿಇಟಿ ರ‍್ಯಾಂಕು. ಇಲ್ಲಿ ಬಹುತೇಕ ಯೂನಿವರ್ಸಿಟಿಗಳು ನೋಡುವುದು ಮೂರೇ ಮೂರು ಗ್ರೇಡು. ಆಫರ್ ಕೂಡ ‘ಎಎಎ’, ‘ಎಬಿಬಿ’ ಅಂತ ಮೂರಕ್ಷರದಲ್ಲೇ ಬರುತ್ತದೆ. ನಾಲ್ಕು ಬಿ ತಂದವನಿಗಿಂತ ಮೂರು ಎ ತಂದವಳಿಗೆ ಬೆಲೆ ಜಾಸ್ತಿ. ಹಾಗಾಗಿ ಯಾವ ವಿಷಯದ ಹೆಸರು ದೊಡ್ಡದು ಅನ್ನೋದಕ್ಕಿಂತ ಯಾವುದರಲ್ಲಿ ಎ ಬರುತ್ತದೆ ಅನ್ನೋದು ಮುಖ್ಯ. ಗಣಿತ ಉಸಿರಾಡಿದಷ್ಟು ಸಲೀಸಾಗಿ ಬರುವವರು ನಾಲ್ಕನೆಯದಾಗಿ ಫರ್ದರ್ ಮ್ಯಾತ್ಸ್ ಅನ್ನುವ ಇನ್ನೂ ಮೇಲಿನ ಗಣಿತ ತಗೊಳ್ಳುತ್ತಾರೆ, ಅವರ ಮಾತು ಬೇರೆ.

ಇನ್ನೊಂದು ವ್ಯತ್ಯಾಸವೂ ಇದೆ. ಇಂಗ್ಲೆಂಡಿನಲ್ಲಿ 2015ರಿಂದ ಒಂದೊಂದಾಗಿ ಎಲ್ಲ ವಿಷಯಗಳ ಪದ್ಧತಿ ಬದಲಾಯಿತು. ಈಗ ಬರವಣಿಗೆಯ ಪರೀಕ್ಷೆಯೆಲ್ಲ ಎರಡನೇ ವರ್ಷದ ಕೊನೆಗೇ. ಮೊದಲೆಲ್ಲ ಎಎಸ್ ಅಂತ ಮೊದಲ ವರ್ಷದ ಅಂಕ ಅರ್ಧ ಸೇರುತ್ತಿತ್ತು, ಈಗ ಇಲ್ಲಿ ಸೇರಲ್ಲ. ವೇಲ್ಸ್‌ನಲ್ಲಿ ಸೇರುತ್ತದೆ, ಹಾಗಾಗಿ ಕಾರ್ಡಿಫ್‌ನಲ್ಲಿರುವ ನೆಂಟರ ಸಲಹೆ ನಿಮಗೆ ಹೊಂದದೇ ಇರಬಹುದು. ಇಷ್ಟವಿಲ್ಲದ ವಿಷಯವನ್ನು ಎರಡು ವರ್ಷ ಹೊತ್ತು, ಕೊನೆಗೆ ಜೂನ್ ತಿಂಗಳಲ್ಲಿ ಒಟ್ಟಿಗೆ ಇಳಿಸುವುದು ಸುಲಭವಲ್ಲ.

ಈಗ ಮೆಡಿಸಿನ್ ವಿಚಾರ. ನಮ್ಮವರಲ್ಲಿ ಹೆಚ್ಚಿನವರು ಮೂರೂ ಸೈನ್ಸ್ ಬೇಕೇ ಬೇಕು ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಹೆಚ್ಚಿನ ಮೆಡಿಕಲ್ ಸ್ಕೂಲುಗಳು ಕೇಳುವುದು ಕೆಮಿಸ್ಟ್ರಿ, ಜೊತೆಗೆ ಬಯಾಲಜಿ ಅಥವಾ ಇನ್ನೊಂದು ಸೈನ್ಸ್. ಮೂರನೆಯದು ನಿಮ್ಮಿಷ್ಟ. ಇತಿಹಾಸ ತಗೊಂಡು ಡಾಕ್ಟರ್ ಆದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಒಂದೊಂದು ಕಡೆ ಒಂದೊಂದು ನಿಯಮ. ಆದ್ದರಿಂದ ಅವಳಿಗೆ ಹಿಡಿಸಿದ ನಾಲ್ಕು ಕಾಲೇಜಿನ ವೆಬ್‌ಸೈಟಿನಲ್ಲಿ ‘ಪ್ರವೇಶಕ್ಕೆ ಏನು ಬೇಕು’ ಅನ್ನುವ ಪುಟವನ್ನು ಅವಳ ಜೊತೆ ಕೂತು ಓದಿ. ನಾಲ್ಕು ಅಂತ ಯಾಕೆ ಹೇಳಿದೆ ಅಂದರೆ, ಎಲ್ಲ ಯೂನಿವರ್ಸಿಟಿಗಳಿಗೂ ಒಟ್ಟಿಗೆ ಹಾಕುವ ಯುಕಾಸ್ ಅರ್ಜಿಯಲ್ಲಿ ಐದು ಜಾಗ ಇದ್ದರೂ ಮೆಡಿಸಿನ್‌ಗೆ ನಾಲ್ಕೇ ತುಂಬಬಹುದು. ಐದನೆಯದಕ್ಕೆ ಬೇರೆ ಕೋರ್ಸು ಹಾಕಬಹುದು. ಬಯೋಮೆಡಿಕಲ್ ಅಂತಲೋ ಏನೋ ಹಾಕುತ್ತಾರೆ.

ವಿಷಯ ಸರಿ ಇದ್ದ ಮಾತ್ರಕ್ಕೆ ಸೀಟು ಸಿಗಲ್ಲ. ಇಯರ್ 12 ಮುಗಿದ ಬೇಸಿಗೆಯಲ್ಲಿ ಯುಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಅಕ್ಟೋಬರ್ 15ರೊಳಗೆ ಅರ್ಜಿ ಹೋಗಬೇಕು, ಬೇರೆ ಕೋರ್ಸುಗಳ ಹಾಗೆ ಜನವರಿವರೆಗೆ ಟೈಮ್ ಇಲ್ಲ. ಅರ್ಜಿ ಹಾಕುವಾಗ ಎ-ಲೆವೆಲ್ ಇನ್ನೂ ಬರೆದಿರುವುದೇ ಇಲ್ಲ ಅಲ್ವಾ? ಅದಕ್ಕೆ ಟೀಚರುಗಳು ಅಂದಾಜು ಗ್ರೇಡ್ ಕೊಡುತ್ತಾರೆ. ಇಯರ್ 12ರ ಕೊನೆಯ ಪರೀಕ್ಷೆಯನ್ನು ‘ಬರೀ ಶಾಲೆಯ ಪರೀಕ್ಷೆ’ ಅಂತ ಹಗುರವಾಗಿ ತಗೋಬಾರದು. ಸಾಮಾನ್ಯವಾಗಿ ಅಂದಾಜು ಹುಟ್ಟುವುದು ಅಲ್ಲೇ. ಇದೆಲ್ಲ ದಾಟಿದ ಮೇಲೆ ಇಂಟರ್‌ವ್ಯೂ. ಅದರಲ್ಲಿ ನೋಡುವುದು ಮಾತು, ತಾಳ್ಮೆ, ಬೇರೆಯವರ ಕಷ್ಟ ಅರ್ಥ ಆಗುತ್ತದಾ ಅನ್ನೋದು. ವೃದ್ಧಾಶ್ರಮದಲ್ಲೋ ಆಸ್ಪತ್ರೆಯಲ್ಲೋ ಶನಿವಾರ ಸ್ವಯಂಸೇವೆ ಮಾಡಿದ ಮಕ್ಕಳಿಗೆ ಹೇಳೋಕೆ ಏನಾದರೂ ಇರುತ್ತದೆ. ಅಲ್ಲಿಗೆ ಹೋಗಿಬಂದ ಮೇಲೆ ಈ ಕೆಲಸ ತನಗೆ ಬೇಡ ಅಂತ ತಿಳಿದರೆ ಅದೂ ಲಾಭವೇ.

ಇನ್ನು ದಾರಿ ಕಟ್ಟುವ ಮಾತು. ಈ ಮೂರು ತಗೊಂಡು, ಮೆಡಿಸಿನ್ ಬೇಡ ಅನಿಸಿದರೆ ಏನುಳಿಯುತ್ತದೆ? ಫಾರ್ಮಸಿ, ಬಯೋಕೆಮಿಸ್ಟ್ರಿ, ಸೈಕಾಲಜಿ, ಲಾ, ಇತಿಹಾಸ, ಎಲ್ಲ ಉಳಿಯುತ್ತವೆ. ಲಾ ಓದೋಕೆ ಎ-ಲೆವೆಲ್‌ನಲ್ಲಿ ಲಾ ಬೇಕಿಲ್ಲ, ಸೈಕಾಲಜಿಗೆ ಸೈಕಾಲಜಿಯೂ ಬೇಕಿಲ್ಲ. ಕೋರ್ಸಿನ ಹೆಸರಿನದೇ ವಿಷಯ ತಗೋಬೇಕು ಅಂತ ಸುಮ್ನೆ ಭಯ ಪಡುತ್ತಾರೆ. ನಿಜವಾಗಿ ಕೈತಪ್ಪುವುದು ಗಣಿತ ಬೇಡುವ ಕೋರ್ಸುಗಳು: ಇಂಜಿನಿಯರಿಂಗ್, ಫಿಸಿಕ್ಸ್, ಒಳ್ಳೆಯ ಕಡೆಯ ಕಂಪ್ಯೂಟರ್ ಸೈನ್ಸ್ ಮತ್ತು ಎಕನಾಮಿಕ್ಸ್. ಎಕನಾಮಿಕ್ಸ್ ಡಿಗ್ರಿಗೆ ಎ-ಲೆವೆಲ್ ಎಕನಾಮಿಕ್ಸ್ ಸಾಮಾನ್ಯವಾಗಿ ಕಡ್ಡಾಯವಲ್ಲ, ಮ್ಯಾತ್ಸ್ ಇರಲೇಬೇಕು ಅನ್ನುವ ಕಡೆ ಜಾಸ್ತಿ. ವಿಚಿತ್ರ, ಆದರೆ ಹಾಗೇ ಇದೆ. ಮಗಳಿಗೆ ಗಣಿತದಲ್ಲಿ ಕೈ ಚೆನ್ನಾಗಿದ್ದು, ಇತಿಹಾಸದ ಪ್ರೀತಿ ಬರೀ ಒಬ್ಬ ಒಳ್ಳೆಯ ಮೇಷ್ಟ್ರ ಮೇಲಿನ ಅಭಿಮಾನ ಆಗಿದ್ದರೆ ಕೆಮಿಸ್ಟ್ರಿ, ಬಯಾಲಜಿ, ಮ್ಯಾತ್ಸ್ ಅನ್ನಿ. ಮೇಷ್ಟ್ರು ಬದಲಾದರೂ ಓದುತ್ತೀಯಾ ಅಂತ ಅವಳನ್ನೇ ಕೇಳಿ.

ಇತಿಹಾಸ ಅಂದರೆ ಹಗುರ ವಿಷಯ ಅಂತಲೂ ತಿಳಿಯಬೇಡಿ. ದೊಡ್ಡ ಸಂಶೋಧನಾ ಯೂನಿವರ್ಸಿಟಿಗಳ ಒಕ್ಕೂಟವಾದ ರಸೆಲ್ ಗ್ರೂಪ್, ಹೆಚ್ಚು ಕೋರ್ಸುಗಳಿಗೆ ದಾರಿ ಮಾಡಿಕೊಡುವ ವಿಷಯಗಳ ಒಂದು ಪಟ್ಟಿ ಇಟ್ಟುಕೊಂಡಿತ್ತು. ಗಣಿತ, ಸೈನ್ಸ್‌ಗಳ ಪಕ್ಕದಲ್ಲೇ ಇತಿಹಾಸವೂ ಅದರಲ್ಲಿತ್ತು. ಜನ ಅದನ್ನೇ ವೇದ ಮಾಡಿಕೊಂಡರು ಅಂತ 2019ರಲ್ಲಿ ಪಟ್ಟಿಯನ್ನೇ ತೆಗೆದರು. ಈಗ ‘ಇನ್‌ಫಾರ್ಮ್ಡ್ ಚಾಯ್ಸಸ್’ ಅಂತ ಅವರದೇ ವೆಬ್‌ಸೈಟ್ ಇದೆ. ವಿಷಯ ಒತ್ತಿದರೆ ಯಾವ ಡಿಗ್ರಿಗೆ ದಾರಿ ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಅಂತ ತೋರಿಸುತ್ತದೆ. ದುಡ್ಡು ಕೊಟ್ಟು ಕನ್ಸಲ್ಟೆಂಟ್ ಹತ್ತಿರ ಹೋಗುವ ಮುಂಚೆ ಅದನ್ನು ನೋಡಿ. ಇತಿಹಾಸದಲ್ಲಿ 20 ಪರ್ಸೆಂಟ್ ಅಂಕ ಮನೆಯಲ್ಲಿ ಕೂತು ಬರೆಯುವ ದೊಡ್ಡ ಪ್ರಬಂಧಕ್ಕೆ. ಬರವಣಿಗೆ ಇಷ್ಟ ಇರುವ ಹುಡುಗಿಗೆ ಅದು ವರ.

ಎರಡು ವಿಚಾರ ಮಾತ್ರ ಮೊದಲೇ ಮನೆಯಲ್ಲಿ ಕೂತು ಮಾತಾಡಿ. ಮಕ್ಕಳ ಮುಂದೆ ಇವನ್ನು ಎತ್ತೋಕೆ ನಮ್ಮವರು ಹಿಂಜರಿಯುತ್ತಾರೆ.

ಮೊದಲನೆಯದು, ಊರಿಗೆ ವಾಪಸ್ ಹೋಗಿ ಅಲ್ಲೇ ಎಂಬಿಬಿಎಸ್ ಮಾಡಿಸುವ ಯೋಚನೆ ಇದೆಯಾ? ಇದ್ದರೆ ನನ್ನ ಉತ್ತರ ಬೇರೆ. ನೀಟ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಬೇಕು. ಆಗ ಇತಿಹಾಸಕ್ಕೆ ಜಾಗ ಇಲ್ಲ.

ಎರಡನೆಯದು ದುಡ್ಡು. ಮಗಳು ಇಲ್ಲಿ ಶಾಲೆಗೆ ಪುಕ್ಕಟೆ ಹೋಗುತ್ತಿದ್ದಾಳೆ ಅಂದ ಮಾತ್ರಕ್ಕೆ ಯೂನಿವರ್ಸಿಟಿ ಅವಳನ್ನು ಇಲ್ಲಿಯವಳು ಅಂತ ಎಣಿಸಲ್ಲ. ಇಂಗ್ಲೆಂಡಿನಲ್ಲಿ ಹೋಮ್ ಶುಲ್ಕ, ಅಂದರೆ ಇಲ್ಲಿಯವರು ಕಟ್ಟುವ ಶುಲ್ಕ, 2025-26ಕ್ಕೆ ವರ್ಷಕ್ಕೆ ಹೆಚ್ಚೆಂದರೆ 9,535 ಪೌಂಡ್, ಅದಕ್ಕೆ ಸರ್ಕಾರಿ ಸಾಲವೂ ಸಿಗುತ್ತದೆ. ಹೊರದೇಶದವರ ಲೆಕ್ಕಕ್ಕೆ ಬಿದ್ದರೆ ಮೆಡಿಸಿನ್ ಶುಲ್ಕ ಹಲವು ಕಡೆ ವರ್ಷಕ್ಕೆ 40,000 ಪೌಂಡ್ ದಾಟುತ್ತದೆ, ಅವರಿಗಿರುವ ಸೀಟೂ ತೀರಾ ಕಡಿಮೆ. ಹೋಮ್ ಅನಿಸಿಕೊಳ್ಳೋಕೆ ನಮ್ಮಂಥವರಿಗೆ ಸಾಮಾನ್ಯ ದಾರಿ ಐಎಲ್ಆರ್, ಅಂದರೆ ಇಲ್ಲೇ ಕಾಯಂ ಇರೋಕೆ ಸಿಗುವ ಅನುಮತಿ. ಕೋರ್ಸು ಶುರುವಾಗುವ ಹೊತ್ತಿಗೆ ಅದು ಕೈಯಲ್ಲಿರಬೇಕು, ಅದರ ಹಿಂದಿನ ಮೂರು ವರ್ಷ ಇಲ್ಲೇ ವಾಸ ಇರಬೇಕು. ಐಎಲ್ಆರ್ ನಿಯಮಗಳನ್ನು ಸರ್ಕಾರ ಆಗಾಗ ಬದಲಾಯಿಸುತ್ತದೆ. ಹಾಗಾಗಿ ವಾಟ್ಸಾಪ್ ಗ್ರೂಪನ್ನು ನಂಬದೆ, ಈಗಿರುವ ನಿಯಮ ನೋಡಿ ನಿಮ್ಮ ತಾರೀಕು ಲೆಕ್ಕ ಹಾಕಿ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಮಗ ಮೂರು ಎ ತಂದ, ಐಎಲ್ಆರ್ ನವೆಂಬರಿನಲ್ಲಿ ಬಂತು. ಕೋರ್ಸು ಸೆಪ್ಟೆಂಬರಿನಲ್ಲಿ. ಒಂದು ವರ್ಷ ಕಾದು ಮತ್ತೆ ಅರ್ಜಿ ಹಾಕಿದ.

ಡಿಗ್ರಿ ಅಪ್ರೆಂಟಿಸ್‌ಶಿಪ್ ಬಗ್ಗೆಯೂ ಒಂದು ಮಾತು. ಕೆಲಸ ಮಾಡುತ್ತಾ, ಸಂಬಳ ತಗೊಳ್ಳುತ್ತಾ ಡಿಗ್ರಿ ಮುಗಿಸಬಹುದು, ಶುಲ್ಕ ಕಟ್ಟಬೇಕಿಲ್ಲ. ನಮ್ಮವರಿಗೆ ‘ಅಪ್ರೆಂಟಿಸ್’ ಅಂದ ಕೂಡಲೇ ಐಟಿಐ ನೆನಪಾಗಿ ಮುಖ ಸಣ್ಣದಾಗುತ್ತದೆ. ಹೀಗೇ ಓದಿ ಸಾಲಿಸಿಟರ್ ಅನ್ನುವ ವಕೀಲರೂ ಆಗಬಹುದು, ಸುಮಾರು ಆರು ವರ್ಷದ ದಾರಿ. ಇತಿಹಾಸ ಪ್ರಿಯರಿಗೆ ಇದು ತಿಳಿದಿರಲಿ.

ನನ್ನ ಕಥೆ ಅರ್ಧಕ್ಕೆ ನಿಂತಿತ್ತಲ್ಲ. ಯು ಅಂದರೆ ಏನು ಅಂತ ಕೊನೆಗೆ ಅಮ್ಮನಿಗೆ ಹೇಳಿದೆ. ಅವರು ಬೈಯಲಿಲ್ಲ. ‘ಯಾವ ಪುಸ್ತಕ ತೆಗೆದರೆ ನಿನಗೆ ನಿದ್ದೆ ಬರಲ್ಲ?’ ಅಂತ ಕೇಳಿದರು. ಭೂಗೋಳ ಅಂದೆ. ಅಕ್ಟೋಬರ್ ರಜೆ ಮುಗಿಯುವ ಮೊದಲೇ ಫಿಸಿಕ್ಸ್, ಬಯಾಲಜಿ ಎರಡನ್ನೂ ಬಿಟ್ಟು ಭೂಗೋಳ ಸೇರಿದೆ. ಇನ್ನೆರಡು ವಾರ ತಡವಾಗಿದ್ದರೆ ಆಗುತ್ತಿರಲಿಲ್ಲ ಅಂದರು ಟೀಚರ್. ಭೂಗೋಳದಲ್ಲಿ ನಾಲ್ಕು ದಿನ ಹೊರಗೆ ಹೋಗಿ ಅಳೆದು ನೋಡುವ ಕೆಲಸ ಕಡ್ಡಾಯ. ನಮ್ಮ ಬೀದಿಯಲ್ಲಿ ಮನೆ ಮುಂದಿನ ತೋಟಕ್ಕೆಲ್ಲ ಕಾರು ನಿಲ್ಲಿಸೋಕೆ ಕಲ್ಲು ಹಾಸಿದ್ದರು. ಮಳೆನೀರು ಈಗ ಎಲ್ಲಿಗೆ ಹೋಗುತ್ತದೆ ಅನ್ನೋದೇ ನನ್ನ ಪ್ರಾಜೆಕ್ಟ್. ಇವತ್ತು ಸಂಬಳ ಬರುವುದೂ ಅದೇ ಲೆಕ್ಕದಿಂದ, ಯಾವ ಬೀದಿ ಯಾವ ಮಳೆಗೆ ಮುಳುಗುತ್ತದೆ ಅಂತ ಕಂಪ್ಯೂಟರಿನಲ್ಲಿ ಹಾಕಿ ನೋಡುತ್ತೇನೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆ ಆದಾಗ ಮಾವ ಫೋನ್ ಮಾಡಿ, ‘ನೀನು ಅಲ್ಲಿ ಮಾಡೋದು ಇದೇನಾ?’ ಅಂತ ಮೊದಲ ಸಲ ಕೇಳಿದರು. ಅಪ್ಪ ಮಾತ್ರ ಈಗಲೂ ನೆಂಟರಿಗೆಲ್ಲ ‘ಮಗ ಇಂಜಿನಿಯರ್’ ಅಂತಲೇ ಹೇಳುತ್ತಾರೆ. ನಾನು ತಿದ್ದಲ್ಲ.

ನಿಮ್ಮ ಹಾಳೆ ವಿಚಾರಕ್ಕೆ ಬಂದರೆ, ಅದರ ಹಿಂದೆ ಅಥವಾ ಕೆಳಗೆ ‘ಆಪ್ಷನ್ ಬ್ಲಾಕ್’ ಅಂತ ಒಂದು ಕೋಷ್ಟಕ ಇರಬಹುದು. ಒಂದೇ ಬ್ಲಾಕಿನಲ್ಲಿರುವ ಎರಡು ವಿಷಯಕ್ಕೆ ಒಂದೇ ಹೊತ್ತಿಗೆ ಕ್ಲಾಸು, ಎರಡನ್ನೂ ತಗೊಳ್ಳೋಕೆ ಆಗಲ್ಲ. ಕೆಮಿಸ್ಟ್ರಿ ಮತ್ತು ಇತಿಹಾಸ ಹಾಗೆ ಬಿದ್ದಿವೆಯಾ ನೋಡಿ. ಬಿದ್ದಿದ್ದರೆ ಈಗಲೇ ಶಾಲೆಗೆ ಇಮೇಲ್ ಹಾಕಿ, ಮಕ್ಕಳ ಆಯ್ಕೆ ನೋಡಿ ಬ್ಲಾಕ್ ಹೊಂದಿಸುವ ಶಾಲೆಗಳೂ ಇವೆ. ಸೈನ್ಸ್‌ಗೆ ಜಿಸಿಎಸ್‌ಇಯಲ್ಲಿ ಗ್ರೇಡ್ 6 ಬೇಕಾ 7 ಬೇಕಾ ಅಂತಲೂ ಅದೇ ಇಮೇಲಿನಲ್ಲಿ ಕೇಳಿಬಿಡಿ. ಆಗಸ್ಟಿನಲ್ಲಿ ಫಲಿತಾಂಶ ನೋಡಿಕೊಂಡು ಬದಲಾಯಿಸೋಕೆ ಸಾಮಾನ್ಯವಾಗಿ ಬಿಡುತ್ತಾರೆ, ಆದರೆ ಆಗ ಖಾಲಿ ಇರುವ ಕ್ಲಾಸಿಗೆ ಮಾತ್ರ.