'ನಾಗರಹಾವು' ಸಿನಿಮಾದ ಚಾಮಯ್ಯ ಮೇಷ್ಟ್ರು ಪಾತ್ರ ಬಿಟ್ರೆ ನಟ ಅಶ್ವಥ್ ಅವ್ರದ್ದು ಬೇರೇನಿದೆ ಅಂತ ಕೇಳಿದ್ರಲ್ಲ

ತುಂಬಾ ಇದೆ ಸರ್. ಕೆ.ಎಸ್. ಅಶ್ವಥ್ ಮೈಸೂರಿನವ್ರು, ಹುಟ್ಟಿದ್ದು 1925, ಫುಡ್ ಇನ್ಸ್‌ಪೆಕ್ಟರ್ ಕೆಲ್ಸ ಮಾಡ್ತಿದ್ದವ್ರು, 1955ರ 'ಸ್ತ್ರೀರತ್ನ'ದಿಂದ ಸಿನಿಮಾಗೆ ಬಂದ್ರು. ಆಮೇಲೆ ಪೌರಾಣಿಕ ಚಿತ್ರಗಳಲ್ಲಿ ನಾರದ ಅಂದ್ರೆ ಇವ್ರೇ ಅನ್ನೋ ಹಾಗಾಯ್ತು, ಪಂಢರಿಬಾಯಿ ಜೊತೆ ಅಪ್ಪ ಅಮ್ಮ ಆಗಿ ಎಷ್ಟೊಂದು ಸಿನಿಮಾ.

'ನಾಗರಹಾವು' (1972) ನೋಡಿದೀರಿ ಸರಿ, ಅದಕ್ಕೆ ರಾಜ್ಯ ಪ್ರಶಸ್ತಿನೂ ಬಂತು. ಆದ್ರೆ ದಯವಿಟ್ಟು ಅದಕ್ಕೂ ಒಂದು ವರ್ಷ ಮುಂಚಿನ 'ಕಸ್ತೂರಿ ನಿವಾಸ' ನೋಡಿ, ಅದ್ರಲ್ಲಿ ರಾಜ್‌ಕುಮಾರ್ ಮನೆ ಆಳು ರಾಮಯ್ಯ ಆಗಿದ್ದಾರೆ, ಯಜಮಾನ ಎಲ್ಲಾ ಕಳ್ಕೊಂಡ್ರೂ ಬಿಟ್ಟು ಹೋಗದ ಮನುಷ್ಯ, ಧ್ವನಿ ಏರಿಸದೆ ಬರೀ ಕಣ್ಣಲ್ಲೇ ಆ ಸಂಕಟ ತೋರಿಸ್ತಾರೆ, ನನ್ ಪ್ರಕಾರ ಮೇಷ್ಟ್ರು ಪಾತ್ರಕ್ಕಿಂತ ಒಂದು ಕೈ ಮೇಲೆ. 2010ರ ಜನವರಿಯಲ್ಲಿ ಮೈಸೂರಲ್ಲೇ ತೀರ್ಕೊಂಡ್ರು. ಮಗ ಶಂಕರ್ ಅಶ್ವಥ್ ಕೂಡ ನಟರೇ.