40 ಸಾವಿರದ ರಿಪೋರ್ಟಿನಲ್ಲಿ ಏನಿರುತ್ತೆ, ಅಕ್ಕನವರೇ?

ರಾಣೆಬೆನ್ನೂರಿನ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಅವರ ಪತ್ರದ ಸಾರ ಇಷ್ಟು: "ಮನೆಯಲ್ಲೇ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿ ಮಾಡಿ ಮಾರುತ್ತೇನೆ. ಊರಿನ ಕೆಲವು ಕಿರಾಣಿ ಅಂಗಡಿಗಳಿಗೂ ಹಾಕುತ್ತೇನೆ. ಈಗ ಬ್ಯಾಂಕ್ ಸಾಲ ತಗೊಂಡು ಸಣ್ಣ ಘಟಕ ಶುರು ಮಾಡುವ ಆಸೆ. ಮೊದಲು ಮಾರ್ಕೆಟ್ ರಿಸರ್ಚ್ ರಿಪೋರ್ಟ್ ಬೇಕು, 40 ಸಾವಿರ ಆಗುತ್ತೆ ಅಂತ ಒಬ್ಬ ಕನ್ಸಲ್ಟೆಂಟ್ ಹೇಳಿದ್ದಾರೆ. ಅಷ್ಟು ದುಡ್ಡಿಲ್ಲ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗೋದರಲ್ಲೇ ಈ ಕೆಲಸ ಆಗಲ್ವಾ? ಮಗನ ಲ್ಯಾಪ್‌ಟಾಪ್ ಇದೆ."

ಅಕ್ಕನವರೇ,

ಆಗುತ್ತೆ. ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಪಾಲು ಆಗುತ್ತೆ. ಉಳಿದ ಕಾಲು ಪಾಲು ನಿಮ್ಮೂರಿನ ಅಂಗಡಿಯವರ ಬಾಯಲ್ಲೇ ಇದೆ. ಅದನ್ನು ಯಾವ ಕನ್ಸಲ್ಟೆಂಟೂ ಬಂದು ಕೇಳಿ ಬರೆದುಕೊಡುವುದಿಲ್ಲ.

ಅಂಥ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಇರೋದೇನು? ದೇಶದ ಮಸಾಲೆ ಮಾರುಕಟ್ಟೆ ಇಷ್ಟು ಸಾವಿರ ಕೋಟಿ, 2030ಕ್ಕೆ ಇಷ್ಟಾಗುತ್ತೆ, ವರ್ಷಕ್ಕೆ ಇಷ್ಟು ಪರ್ಸೆಂಟ್ ಬೆಳೆಯುತ್ತೆ. ಬಣ್ಣಬಣ್ಣದ ಚಾರ್ಟು ಬೇರೆ. ಆ ಸಾವಿರ ಕೋಟಿ ಇಟ್ಟುಕೊಂಡು ನೀವು ಏನು ಮಾಡ್ತೀರಿ? ನಿಮಗೆ ಬೇಕಿರೋದು ಬೇರೆ. ಮೆಣಸಿನಕಾಯಿ, ಶೇಂಗಾ ದರ ವರ್ಷದಲ್ಲಿ ಎಷ್ಟು ಏರುತ್ತೆ, ಎಷ್ಟು ಇಳಿಯುತ್ತೆ? ಇದೇ ಪುಡಿಯನ್ನು ಇನ್ಯಾರು ಮಾರ್ತಾರೆ, ಎಷ್ಟಕ್ಕೆ ಮಾರ್ತಾರೆ? ಕೊಂಡವರು ಯಾತಕ್ಕೆ ಗೊಣಗ್ತಾರೆ? ನೀವು ಇಡಬೇಕೆಂದಿರುವ ಹೆಸರನ್ನು ಬೇರೆಯವರು ಆಗಲೇ ತಗೊಂಡುಬಿಟ್ಟಿದ್ದಾರಾ? ಪ್ರಶ್ನೆಗಳನ್ನು ಹೀಗೆ ಒಂದು ಹಾಳೆಯಲ್ಲಿ ಬರೆದುಕೊಂಡು ಆಮೇಲೆ ಲ್ಯಾಪ್‌ಟಾಪ್ ತೆಗೆಯಿರಿ. ಸುಮ್ನೆ ಹುಡುಕುತ್ತಾ ಕೂತರೆ ರಾತ್ರಿಯಾಗುತ್ತೆ, ಕೈಗೆ ಏನೂ ಸಿಗಲ್ಲ.

ಇನ್ನೊಂದು ಮಾತು. ನೆಟ್ಟಿನಲ್ಲಿ ಏನೇ ಸಿಕ್ಕರೂ ನಾನು ಮೊದಲು ನೋಡೋದು, ಇದನ್ನು ಯಾರು ಬರೆದರು, ಯಾಕೆ ಬರೆದರು ಅಂತ. ನಮಗೆ ಏನಾದರೂ ಮಾರೋದಕ್ಕೆ ಬರೆದ ಮಾಹಿತಿ ಒಂದು ಥರ. ಕಾನೂನು ಹೇಳಿದೆ, ಬರೆಯದೆ ವಿಧಿಯಿಲ್ಲ ಅಂತ ಬರೆದದ್ದು ಇನ್ನೊಂದು ಥರ. ಈ ಎರಡನೆಯದು ಹೆಚ್ಚಾಗಿ ಪುಕ್ಕಟೆ ಸಿಗುತ್ತೆ, ಜಾಸ್ತಿ ನಂಬಬಹುದು ಕೂಡ.

ಅದಕ್ಕೆ ಮೊದಲ ಉದಾಹರಣೆ ಅಂಗಡಿಯ ಕಪಾಟಿನಲ್ಲೇ ಇದೆ. ಬೇರೆಯವರ ಚಟ್ನಿಪುಡಿ ಪ್ಯಾಕೆಟ್ ತಂದು ಹಿಂಬದಿ ಓದಿ. ಪದಾರ್ಥಗಳನ್ನು ತೂಕದಲ್ಲಿ ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಬರೆಯಬೇಕು ಅನ್ನೋದು ನಿಯಮ. ಹೆಸರು ಶೇಂಗಾ ಚಟ್ನಿಪುಡಿ, ಆದರೆ ಪಟ್ಟಿಯಲ್ಲಿ ಪುಟಾಣಿ ಮೊದಲು ಬಂದಿದ್ದರೆ ಅವರ ದರ ಅಷ್ಟು ಕಮ್ಮಿ ಯಾಕೆ ಅಂತ ಗೊತ್ತಾಯಿತಲ್ಲ? ಅಲ್ಲೇ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇರುತ್ತೆ. ಅದನ್ನು ಆ ಸಂಸ್ಥೆಯ ಫಾಸ್‌ಕಾಸ್ ಜಾಲತಾಣದಲ್ಲಿ ಹಾಕಿದರೆ ಆ ಲೈಸೆನ್ಸ್ ಯಾರದ್ದು ಅಂತ ತಿಳಿಯುತ್ತೆ. ಎಷ್ಟೋ ಬ್ರ್ಯಾಂಡ್‌ಗಳಿಗೆ ಸ್ವಂತ ಘಟಕವೇ ಇರಲ್ಲ, ಬೇರೆಯವರ ಹತ್ತಿರ ಮಾಡಿಸಿಕೊಂಡು ತಮ್ಮ ಹೆಸರು ಅಂಟಿಸಿರುತ್ತಾರೆ. ನಾಳೆ ನೀವು ಅಂಥವರಿಗೆ ಮಾಡಿಕೊಡುವ ದಾರಿಯೂ ಇದೆ. (ನಿಮ್ಮದೇ ನೋಂದಣಿ ಆಗಿಲ್ಲದಿದ್ದರೆ ಉಳಿದದ್ದನ್ನೆಲ್ಲ ಬಿಟ್ಟು ಮೊದಲು ಅದನ್ನು ಮಾಡಿಸಿ.)

ಈಗ ದರದ ವಿಷಯ. ಬ್ಯಾಡಗಿ ನಿಮಗೆ ಪಕ್ಕದ ಊರು. ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ, ಗುಂಟೂರು ಅಂತ ನಾನು ನಿಮಗೆ ಪಾಠ ಹೇಳೋದು ಬೇಡ. ಆದರೆ ಸಾಲದ ಲೆಕ್ಕ ಹಾಕುವಾಗ ಈ ವಾರದ ದರ ಸಾಲದು, ಹಿಂದಿನ ಕೆಲವು ವರ್ಷಗಳದ್ದು ಬೇಕು. ರಾಜ್ಯ ಸರ್ಕಾರದ ಕೃಷಿ ಮಾರಾಟ ವಾಹಿನಿಯಲ್ಲಿ ಯಾವ ಮಾರುಕಟ್ಟೆಗೆ ಎಷ್ಟು ಮಾಲು ಬಂತು, ಕನಿಷ್ಠ, ಗರಿಷ್ಠ, ಮಾದರಿ ದರ (ಅಂದರೆ ಹೆಚ್ಚಿನ ಮಾಲು ಮಾರಾಟವಾದ ದರ) ಎಷ್ಟು ಅನ್ನೋದು ಕನ್ನಡದಲ್ಲೇ ಸಿಗುತ್ತೆ. ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲಿ ಬೇರೆ ರಾಜ್ಯಗಳದ್ದೂ ಇದೆ. ಕೊತ್ತಂಬರಿ, ಜೀರಿಗೆಗೆ ಕೊಚ್ಚಿಯಲ್ಲಿರುವ ಸ್ಪೈಸಸ್ ಬೋರ್ಡಿನ ಜಾಲತಾಣ ನೋಡಿ. ಗರಿಷ್ಠ ದರ ನೋಡಿ ಗಾಬರಿಯಾಗಬೇಡಿ, ಅದು ಒಳ್ಳೆಯ ಡಬ್ಬಿ ಕಾಯಿಯ ಒಂದೆರಡು ಲಾಟಿಗೆ ಸಿಕ್ಕಿದ್ದಿರಬಹುದು. ಲೆಕ್ಕಕ್ಕೆ ಮಾದರಿ ದರ ಹಿಡಿಯಿರಿ. ತಿಂಗಳುವಾರು ಬರೆದುಕೊಂಡು, ದರ ಅತಿ ಜಾಸ್ತಿ ಇದ್ದ ತಿಂಗಳಲ್ಲಿ ಒಂದು ಕೆಜಿ ಪುಡಿಗೆ ನಿಮಗೆ ಏನು ಬಿದ್ದಿರುತ್ತಿತ್ತು ಅಂತ ನೋಡಿ. ಆಗಲೂ ನಾಲ್ಕು ಕಾಸು ಉಳಿದರೆ ಸಾಲದ ಕಂತು ಕಟ್ಟಬಹುದು. 2024ರ ಮಾರ್ಚ್ 11ರಂದು ದರ ಕುಸಿಯಿತು ಅಂತ ರೈತರು ಸಿಟ್ಟಿಗೆದ್ದು ಬ್ಯಾಡಗಿಯ ಎಪಿಎಂಸಿ ಕಚೇರಿಗೇ ಬೆಂಕಿ ಹಚ್ಚಿದ್ದು ನಿಮಗೆ ನೆನಪಿರುತ್ತೆ. ಅಷ್ಟು ಆಡುವ ದರ ಅದು. ಕೊಳ್ಳುವವರಿಗೆ ಒಂದು ವರ್ಷ ಅನುಕೂಲ ಮಾಡಿದರೆ ಇನ್ನೊಂದು ವರ್ಷ ಹೊಡೆತ ಕೊಡುತ್ತೆ.

ಇನ್ನು ಜಾಸ್ತಿ ಜನಕ್ಕೆ ಗೊತ್ತಿಲ್ಲದ ಒಂದು ನಿಧಿ ಹೇಳ್ತೀನಿ. ಯಾವುದೇ ಕಂಪನಿ ಐಪಿಒಗೆ, ಅಂದರೆ ಮೊದಲ ಸಲ ಜನಕ್ಕೆ ಶೇರು ಮಾರೋದಕ್ಕೆ ಬರಬೇಕಾದರೆ, ಶೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಗೆ ತನ್ನ ವ್ಯವಹಾರದ ವಿವರವೆಲ್ಲ ಇರುವ ನೂರಾರು ಪುಟದ ಪ್ರಾಸ್ಪೆಕ್ಟಸ್ ಕೊಡಬೇಕು. ಅದು ಸೆಬಿ ಜಾಲತಾಣದ ಫೈಲಿಂಗ್ಸ್ ವಿಭಾಗದಲ್ಲಿ ಪಬ್ಲಿಕ್ ಇಶ್ಯೂಸ್ ಅಂತ ಇರುವ ಕಡೆ ಎಲ್ಲರಿಗೂ ಪುಕ್ಕಟೆ. ಎಂಟಿಆರ್, ಈಸ್ಟರ್ನ್ ಬ್ರ್ಯಾಂಡ್‌ಗಳನ್ನು ನಡೆಸುವ ಆರ್ಕ್ಲಾ ಇಂಡಿಯಾ 2025ರಲ್ಲಿ ಶೇರು ಮಾರುಕಟ್ಟೆಗೆ ಬಂತು. ಕುರುಕಲು ತಿಂಡಿಯ ಬಿಕಾಜಿ 2022ರಲ್ಲಿ, ಗೋಪಾಲ್ ಸ್ನ್ಯಾಕ್ಸ್ 2024ರಲ್ಲಿ ಬಂದವು. ಇವರ ಪ್ರಾಸ್ಪೆಕ್ಟಸ್ ತೆಗೆದು 'ಇಂಡಸ್ಟ್ರಿ ಓವರ್‌ವ್ಯೂ' ಅನ್ನೋ ಅಧ್ಯಾಯ ಓದಿ. ದೊಡ್ಡ ಸಂಶೋಧನಾ ಸಂಸ್ಥೆಗಳಿಗೆ ಕಂಪನಿಯೇ ದುಡ್ಡು ಕೊಟ್ಟು ಬರೆಸಿದ ಮಾರುಕಟ್ಟೆ ವರದಿ ಅದು. ನಿಮ್ಮ ಕನ್ಸಲ್ಟೆಂಟ್ ಕೊಡಬಹುದಾದ ಚಾರ್ಟುಗಳು ಬಹುಪಾಲು ಇಲ್ಲೇ ಸಿಗುತ್ತವೆ. ಬ್ಯಾಂಕಿನವರಿಗೆ ಆ ಸಾವಿರ ಕೋಟಿಯ ಅಂಕಿ ಬೇಕೇ ಬೇಕು ಅಂತಾದರೆ ಇಲ್ಲಿಂದಲೇ ತಗೊಳ್ಳಿ, ಎಲ್ಲಿಂದ ತಗೊಂಡಿರಿ ಅಂತ ಪಕ್ಕದಲ್ಲಿ ಬರೆಯಿರಿ.

ಆದರೆ ದುಡ್ಡು ಕೊಟ್ಟವರು ಯಾರು ಅನ್ನೋದನ್ನು ಮರೀಬೇಡಿ. ತಾವು ಮುಂದಿರುವ ಹಾಗೆ ಕಾಣಿಸುವ ವಿಂಗಡಣೆಯನ್ನೇ ಅಲ್ಲಿ ಆರಿಸಿಕೊಂಡಿರುತ್ತಾರೆ. ನನಗೆ ಅದಕ್ಕಿಂತ ಇಷ್ಟವಾದದ್ದು 'ರಿಸ್ಕ್ ಫ್ಯಾಕ್ಟರ್ಸ್' ಅನ್ನೋ ಅಧ್ಯಾಯ. ನಮ್ಮ ಧಂದೆಯಲ್ಲಿ ಏನೇನು ಕೆಡಬಹುದು ಅಂತ ಕಂಪನಿಯೇ ತನ್ನ ಬಾಯಿಂದ ಒಪ್ಪಿಕೊಳ್ಳಬೇಕಾದ ಜಾಗ ಅದು. ಕಚ್ಚಾ ಮಾಲಿನ ದರ, ಡಿಸ್ಟ್ರಿಬ್ಯೂಟರ್‌ಗಳ ಮೇಲಿನ ಅವಲಂಬನೆ, ವಾಪಸ್ ಬರುವ ಮಾಲು, ಇವೆಲ್ಲ ಅಲ್ಲಿ ಬರುತ್ತವೆ. ಸಣ್ಣ ಘಟಕಕ್ಕೂ ಹೆಚ್ಚುಕಮ್ಮಿ ಅವೇ ತಲೆನೋವು. ಪೂರ್ತಿ ಓದಬೇಕಿಲ್ಲ, ಮಗನಿಗೆ ಹೇಳಿ ಕಂಟ್ರೋಲ್ ಎಫ್ ಒತ್ತಿಸಿ 'ಸ್ಪೈಸ್', 'ಚಟ್ನಿ', 'ಕರ್ನಾಟಕ' ಅಂತ ಇಂಗ್ಲಿಷಿನಲ್ಲಿ ಹುಡುಕಿಸಿ.

ಐಪಿಒ ಮಾಡದ ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಮೂಲ ವಿವರ ಪುಕ್ಕಟೆ ಸಿಗುತ್ತೆ. ಅವರ ಬ್ಯಾಲೆನ್ಸ್ ಶೀಟ್ ನೋಡಬೇಕಾದರೆ 100 ರೂಪಾಯಿ ಶುಲ್ಕ. ಈ ಇಡೀ ಹುಡುಕಾಟದಲ್ಲಿ ದುಡ್ಡು ಖರ್ಚು ಮಾಡಬಹುದಾದ ಜಾಗ ಅದೊಂದೇ ಅಂತ ನನ್ನ ಲೆಕ್ಕ. ನಿಮ್ಮ ಸುತ್ತಮುತ್ತ ಪುಡಿ ಮಾಡುವವರು ಹೆಚ್ಚಿನವರು ಒಬ್ಬರೇ ಮಾಲೀಕರಾಗಿರುತ್ತಾರೆ. ಅವರ ಲೆಕ್ಕ ಅಲ್ಲಿ ಸಿಗಲ್ಲ.

ಜನ ತಿನ್ನೋದಕ್ಕೆ ಎಷ್ಟು ಖರ್ಚು ಮಾಡ್ತಾರೆ ಅನ್ನೋದಕ್ಕೆ ಕೇಂದ್ರ ಸಾಂಖ್ಯಿಕ ಸಚಿವಾಲಯದ ಮನೆಖರ್ಚಿನ ಸಮೀಕ್ಷೆ ಇದೆ. 2023-24ರದ್ದರ ಪ್ರಕಾರ ದೇಶದಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು ಹಳ್ಳಿಯಲ್ಲಿ 4,122 ರೂಪಾಯಿ, ಪೇಟೆಯಲ್ಲಿ 6,996. ರಾಜ್ಯವಾರು ಪಟ್ಟಿಯೂ ಇದೆ. ಊರಲ್ಲಿ ಎಷ್ಟು ಮನೆ ಅನ್ನೋದು ಜನಗಣತಿಯಲ್ಲಿ ಸಿಗುತ್ತೆ, ಆದರೆ ಅದು 2011ರದ್ದು. ಇವೆಲ್ಲವನ್ನೂ ಗುಣಿಸಿ ಭಾಗಿಸಿ 'ನಮ್ಮೂರಲ್ಲಿ ಇಷ್ಟು ಲಕ್ಷದ ಮಾರುಕಟ್ಟೆ ಇದೆ' ಅಂತ ಮಾತ್ರ ಹೇಳಬೇಡಿ. ನಿಮ್ಮ ಕಡೆ ಚಟ್ನಿಪುಡಿಯನ್ನು ಮನೆಮನೆಯಲ್ಲೂ ಕುಟ್ಟಿಕೊಳ್ತಾರಲ್ವಾ? ನಿಮ್ಮ ಗಿರಾಕಿ ಖಾನಾವಳಿಯವರು, ಹಾಸ್ಟೆಲಿನ ಹುಡುಗರು, ಬೆಂಗಳೂರಿಗೋ ಪುಣೆಗೋ ಹೋಗಿ ಕೂತಿರುವ ನಿಮ್ಮ ಕಡೆಯ ಜನ. ಅವರನ್ನು ಯಾವ ಸಮೀಕ್ಷೆಯೂ ಬೇರೆ ಮಾಡಿ ಎಣಿಸಿಲ್ಲ.

ಅಂಥ ಗಿರಾಕಿಯ ಮನಸ್ಸು ತಿಳಿಯೋಕೆ ಅಮೆಜಾನ್, ಬಿಗ್‌ಬಾಸ್ಕೆಟ್, ಫ್ಲಿಪ್‌ಕಾರ್ಟ್‌ನಲ್ಲಿ ಚಟ್ನಿಪುಡಿಗಳ ರಿವ್ಯೂ ಓದಿ. ಐದು ಸ್ಟಾರಿನವು ಬಿಡಿ, ಒಂದು, ಎರಡು, ಮೂರು ಸ್ಟಾರ್ ಕೊಟ್ಟವರದ್ದು ಓದಿ. ಕಮಟು ವಾಸನೆ, ಒಡೆದ ಪ್ಯಾಕೆಟ್, ಬೆಳ್ಳುಳ್ಳಿ ಜಾಸ್ತಿ, ಉಪ್ಪು ಜಾಸ್ತಿ, ಯಾವುದು ಮತ್ತೆ ಮತ್ತೆ ಬರುತ್ತೆ ಅಂತ ಗೀಟು ಹಾಕಿಕೊಳ್ಳಿ. ಶೇಂಗಾ ಪುಡಿಗೆ ಕಮಟೇ ದೊಡ್ಡ ಶತ್ರು ಅಂತ ನಿಮಗೆ ಗೊತ್ತಿದೆ. ಹಾಗಾಗಿ ಪ್ಯಾಕಿಂಗಿಗೆ ಎಷ್ಟು ಖರ್ಚು ಮಾಡಬೇಕು ಅನ್ನೋದೂ ಇಲ್ಲಿಂದಲೇ ತಿಳಿದೀತು. ಫೇಸ್‌ಬುಕ್ ಕಂಪನಿಯದೇ ಪುಟವಾದ ಮೆಟಾ ಆಡ್ ಲೈಬ್ರರಿಯಲ್ಲಿ ಬ್ರ್ಯಾಂಡ್ ಹೆಸರು ಹಾಕಿದರೆ ಅವರು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಈಗ ಓಡಿಸುತ್ತಿರುವ ಜಾಹೀರಾತುಗಳು, ಶುರುವಾದ ತಾರೀಖಿನ ಸಮೇತ ಕಾಣುತ್ತವೆ. ತಿಂಗಳುಗಟ್ಟಲೆ ಓಡುತ್ತಿರುವ ಜಾಹೀರಾತು ದುಡ್ಡು ತರುತ್ತಿದೆ ಅಂತಲೇ ಲೆಕ್ಕ, ಇಲ್ಲದಿದ್ದರೆ ಯಾರು ಸುಮ್ನೆ ಓಡಿಸ್ತಾರೆ? ಜನ ಗೂಗಲ್‌ನಲ್ಲಿ ಏನು ಹುಡುಕ್ತಾರೆ ಅಂತ ತೋರಿಸುವ ಗೂಗಲ್ ಟ್ರೆಂಡ್ಸ್ ನಿಮಗೆ ಅಷ್ಟು ಉಪಯೋಗವಿಲ್ಲ. ಅದು ಕೊಡುವ ಸೊನ್ನೆಯಿಂದ ನೂರರವರೆಗಿನ ಅಂಕಿ ಹೋಲಿಕೆಗೆ ಮಾತ್ರ, ಎಷ್ಟು ಜನ ಹುಡುಕಿದರು ಅಂತ ಹೇಳಲ್ಲ.

ಬ್ಯಾಂಕಿನ ಪ್ರಾಜೆಕ್ಟ್ ರಿಪೋರ್ಟಿಗೆ ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ ನೆರವು ಕೊಡುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯ ಜಾಲತಾಣದಲ್ಲಿ ಮಾದರಿ ವರದಿಗಳಿವೆ, ಮಸಾಲೆ ಪುಡಿಗೂ ಇದೆ. 2020ರಲ್ಲಿ ಶುರುವಾದ ಈ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ 35, ಹೆಚ್ಚೆಂದರೆ 10 ಲಕ್ಷ ಸಬ್ಸಿಡಿ ಅಂತ ಇತ್ತು, ನಮ್ಮ ರಾಜ್ಯ ಅದರ ಮೇಲೆ ಶೇ 15 ಸೇರಿಸಿತ್ತು. ಈಗ ಅರ್ಜಿ ತಗೊಳ್ತಿದ್ದಾರಾ ಅಂತ ಹಾವೇರಿಯ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿ. ಮಾದರಿ ವರದಿಯ ಯಂತ್ರದ ಬೆಲೆ, ಕರೆಂಟು, ಕೂಲಿ ಎಲ್ಲ ಹಳೆಯದಿರುತ್ತೆ, ಅದನ್ನು ನಿಮ್ಮೂರಿನ ದರಕ್ಕೆ ಬದಲಿಸಿ. ಯಂತ್ರದ ಬೆಲೆ ಮಾರುವವರ ಜಾಲತಾಣ ಇಂಡಿಯಾಮಾರ್ಟ್‌ನಲ್ಲಿ ಸಿಗುತ್ತೆ, ಆದರೆ ಫೋನ್ ನಂಬರ್ ಕೊಟ್ಟ ಮೇಲೆ ಎರಡು ದಿನ ಊಟಕ್ಕೂ ಬಿಡದ ಹಾಗೆ ಕರೆ ಬರುತ್ತವೆ! ಮನೆಯಲ್ಲಿ ಹಳೆಯ ಸಿಮ್ ಇದ್ದರೆ ಅದರ ನಂಬರ್ ಕೊಡಿ. ಜೊತೆಗೆ ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಪ್ರತಿ ಜಿಲ್ಲೆಗೂ ವರ್ಷವರ್ಷ ತಯಾರಿಸುವ ಸಾಲ ಯೋಜನೆಯ ಪುಸ್ತಕ ಅದರ ಜಾಲತಾಣದಲ್ಲಿದೆ. ಹಾವೇರಿಯದ್ದನ್ನು ಇಳಿಸಿಕೊಂಡು ಆಹಾರ ಸಂಸ್ಕರಣೆಯ ಭಾಗ ಓದಿ, ಬೇಕಾದ ಸಾಲುಗಳನ್ನು ಅರ್ಜಿಯಲ್ಲಿ ಎತ್ತಿ ಬರೆಯಿರಿ. ಬ್ಯಾಂಕಿನವರು ಜಿಲ್ಲೆಯ ಸಾಲದ ಗುರಿ ಹಾಕಿಕೊಳ್ಳೋದು ಅದನ್ನೇ ಇಟ್ಟುಕೊಂಡು. ಅವರದೇ ಪುಸ್ತಕದ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರರು.

ಚಾಟ್‌ಜಿಪಿಟಿ ಕೇಳಿದರೆ ಸಾಲದಾ ಅಂತ ನಿಮ್ಮ ಮಗ ಕೇಳಬಹುದು. ಇಂಗ್ಲಿಷ್ ಪ್ರಾಸ್ಪೆಕ್ಟಸ್ಸಿನ ಒಂದು ಪುಟ ಕೊಟ್ಟು ಕನ್ನಡದಲ್ಲಿ ಬಿಡಿಸಿ ಹೇಳು ಅನ್ನೋದಕ್ಕೆ ಬಳಸಲಿ. ರಾಣೆಬೆನ್ನೂರಲ್ಲಿ ಚಟ್ನಿಪುಡಿ ವ್ಯಾಪಾರ ಎಷ್ಟು ಅಂತ ಮಾತ್ರ ಕೇಳೋದು ಬೇಡ. ಇಲ್ಲದ ಅಂಕಿಯನ್ನೂ ಅದು ಬಹಳ ಧೈರ್ಯವಾಗಿ ಕೊಟ್ಟುಬಿಡಬಹುದು.

ಅಂಗಡಿಯವರ ಬಾಯಲ್ಲಿದೆ ಅಂದ ಕಾಲು ಪಾಲು ಇದು: ಕಮಿಷನ್ ಎಷ್ಟು ಕೇಳ್ತಾರೆ, ಉದ್ರಿ ಎಷ್ಟು ದಿನ, ಮಾರದೆ ಉಳಿದದ್ದನ್ನು ಯಾರು ಹೊರಬೇಕು. ನಿಮ್ಮ ಮಾಲು ಇಡದ ಅಂಗಡಿಗಳಲ್ಲೂ ಕೇಳಿ. ಇಟ್ಟವರು ದಾಕ್ಷಿಣ್ಯಕ್ಕೆ ನಿಜ ಹೇಳಲ್ಲ.

ಕೊನೆಗೆ ಬ್ರ್ಯಾಂಡಿನ ಹೆಸರು. ಕವರ್ ಪ್ರಿಂಟಿಗೆ ಕೊಡುವ ಮೊದಲು ಸರ್ಕಾರದ ಐಪಿ ಇಂಡಿಯಾ ಜಾಲತಾಣದಲ್ಲಿ ಟ್ರೇಡ್‌ಮಾರ್ಕ್ (ನೋಂದಾಯಿತ ಬ್ರ್ಯಾಂಡ್ ಹೆಸರು) ಪಬ್ಲಿಕ್ ಸರ್ಚ್ ಮಾಡಿ. ಪುಕ್ಕಟೆ. ಮಸಾಲೆ, ಚಟ್ನಿಪುಡಿ ಬರೋದು 30ನೇ ವರ್ಗದಲ್ಲಿ. ಅಕ್ಷರ ಬೇರೆಯಿದ್ದು ಉಚ್ಚಾರ ಒಂದೇ ಇದ್ದರೂ ತಕರಾರು ಬರುತ್ತೆ, ಹಾಗಾಗಿ ಫೊನೆಟಿಕ್ ಅನ್ನೋ ಆಯ್ಕೆಯಲ್ಲೂ ಹುಡುಕಿ. ಯಾರೂ ತಗೊಂಡಿಲ್ಲ ಅಂತಾದರೆ ಅರ್ಜಿ ಹಾಕಿ, ಸಣ್ಣ ಉದ್ಯಮದವರಿಗೆ ಆನ್‌ಲೈನ್‌ನಲ್ಲಿ ಒಂದು ವರ್ಗಕ್ಕೆ 4,500 ರೂಪಾಯಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದ್ದರೆ ಆ ದರ ಸಿಗುತ್ತೆ. ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಅದಕ್ಕೆ ದುಡ್ಡು ಕೇಳುವ ಪೇಜುಗಳಿಗೆ ಕೈ ಹಾಕಬೇಡಿ. ಪತ್ರದಲ್ಲಿ ನೀವು ಬರೆದಿದ್ದ ಬ್ರ್ಯಾಂಡಿನ ಹೆಸರು ಚೆನ್ನಾಗಿದೆ, ಅದಕ್ಕೇ ಇಲ್ಲಿ ಅಚ್ಚು ಹಾಕಿಲ್ಲ. ಅರ್ಜಿ ಸಂಖ್ಯೆ ಕೈಗೆ ಬರುವ ತನಕ ನೀವೂ ಯಾರಿಗೂ ಹೇಳಬೇಡಿ.

ಸಂಪಾದಕ